ದುಡ್ಡು ಕೊಟ್ಟು ಹತ್ತಿದ ಬೆಟ್ಟ

ಶ್ರೀನಿವಾಸಪುರದ ನಮ್ಮ ಷಡ್ಡಕರು ಜೋರ್ಡಾನಿನ ವಾದಿ ರಮ್ ಮರುಭೂಮಿಗೆ ಹೋಗಿ, ಮರಳುಗಲ್ಲಿನ ಬೆಟ್ಟ ಹತ್ತಿ ಬಂದ ಮೇಲೆ ಮದುವೆಮನೆಗಳಲ್ಲಿ ಅವರದೇ ಮಾತು. ನನಗೋ ನಂಗಲಿ ಗಡಿ ದಾಟಿದರೆ ಅದೇ ವಿದೇಶ. ಹಠಕ್ಕೆ ಬಿದ್ದು, ಕೋಲಾರದ ಅಂತರಗಂಗೆಗೆ ಹೊರಟ ಚಾರಣದ ಗುಂಪಿಗೆ ಹೆಸರು ಕೊಟ್ಟೆ.

"ಚಿಕ್ಕಂದಿನಲ್ಲಿ ಪುಕ್ಕಟೆ ಹತ್ತಿದ ಬೆಟ್ಟಕ್ಕೆ ಈಗ ದುಡ್ಡಾ?" ಎಂದಳು ಮಡದಿ.

"ಟೋಪಿನೂ ಕೊಡ್ತಾರೆ ಕಣೇ."

"ಹಾಕ್ತಾರೆ ಅನ್ನಿ."

ಬೆಟ್ಟದ ಬುಡದಲ್ಲೇ ಮುಂದಾಳು ಹುಡುಗ "ಇದು ಜ್ವಾಲಾಮುಖಿ ಕಲ್ಲು" ಎಂದು ಸಾರಿದ. ನನಗೆ ಮೈ ಉರಿಯಿತು. ಜ್ವಾಲಾಮುಖಿಯೂ ಇಲ್ಲ, ಮರಳುಗಲ್ಲೂ ಇಲ್ಲ. ಮರಳುಗಲ್ಲು ಬೇಕಾದವರು ಬಾದಾಮಿಗೆ ಹೋಗಲಿ. ನಮ್ಮದು ನೆಲದೊಳಗೇ ಹೆಪ್ಪುಗಟ್ಟಿದ, ಸುಮಾರು 250 ಕೋಟಿ ವರ್ಷದ ಕಗ್ಗಲ್ಲು.

ಆಮೇಲೆ ಗುಹೆ. ಗುಹೆಯೆಂದರೆ ಬಂಡೆಗಳು ಒಂದರ ಮೇಲೊಂದು ಒರಗಿ ಉಳಿಸಿದ ಸಂದು. ಹುಡುಗಿಯರು ಸರಸರ ನುಸುಳಿದರು. ನನ್ನ ತಲೆ ಹೋಯಿತು, ಒಂದು ಭುಜ ಹೋಯಿತು, ಹೊಟ್ಟೆ ಮಾತ್ರ ಮಾಲೂರಿನ ಕಡೆಗೇ ಉಳಿಯಿತು. "ಉಸಿರು ಬಿಡಿ ಅಂಕಲ್" ಎಂದರು, ಬಿಟ್ಟೆ. "ಇನ್ನೂ ಬಿಡಿ" ಎಂದರು; ಇನ್ನು ಬಿಡಲು ಪ್ರಾಣವೊಂದೇ ಇತ್ತು. ಹಿಂದಿನಿಂದ ಒಬ್ಬ ತಳ್ಳಿದ, ಮುಂದಿನಿಂದ ಒಬ್ಬಳು ಎಳೆದಳು. ಇಬ್ಬರಲ್ಲಿ ಒಮ್ಮತ ಮೂಡದೆ ನಾನು ಇದ್ದಲ್ಲೇ ಇದ್ದೆ. ಗಾಬರಿಯಲ್ಲಿ ಕನ್ನಡ ಮಾಯವಾಗಿ, ಕೋಲಾರದ ಸೀಮೆಯವನಿಗೆ ಸಹಜವಾದ ತೆಲುಗು ಹೊರಬಿತ್ತು: "ಲಾಗಂಡ್ರಾ!" ಎಳೀರೋ ಅಂತ. ಹುಡುಗನೊಬ್ಬ ಅದು ಬೆಟ್ಟದ ದೇವರ ಹೆಸರೆಂದು ತಿಳಿದು ಕೈಮುಗಿದ. ಬಂಡೆ ತಣ್ಣಗಿತ್ತು, ನಿಜ ಹೇಳಬೇಕೆಂದರೆ ಹಿತವಾಗಿಯೇ ಇತ್ತು. ಅಷ್ಟರಲ್ಲಿ ಯಾರೋ ಫೋಟೊ ಎಂದರು. ಅಭ್ಯಾಸಬಲ, ಹೊಟ್ಟೆ ಒಳಗೆಳೆದುಕೊಂಡೆ. ಎಳೆದುಕೊಂಡದ್ದೇ ತಡ, ಪೊಳಕ್ಕನೆ ಆಚೆ ಬಿದ್ದೆ!

ಇಳಿಯುವಾಗ ಕಾಶಿ ವಿಶ್ವೇಶ್ವರನ ಗುಡಿಯ ಕಲ್ಲು ಬಸವನ ಬಾಯಿಂದ ನೀರು ಸುರಿಯುತ್ತಲೇ ಇತ್ತು. ನಮ್ಮ ತೋಟದ ಬೋರು ಸಾವಿರ ಅಡಿ ಇಳಿದರೂ ಧೂಳನ್ನೇ ಕಾರಿದ ದಿನ ಅಪ್ಪ ಊಟ ಬಿಟ್ಟದ್ದು ನೆನಪಾಯಿತು. ಬಸವನ ಪಕ್ಕದಲ್ಲೇ ಬೆಂಗಳೂರಿನ ಹುಡುಗರು ಖಾಲಿ ಬಾಟಲಿಗಳನ್ನು ಪೊದೆಗೆ ಎಸೆದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಬಳಸಿ ಬಿಟ್ಟ ಬಾಟಲಿ ನಮ್ಮ ಬೆಟ್ಟಕ್ಕೆ. ನೀರನ್ನಾದರೂ ಸಂಸ್ಕರಿಸಿ ಕಳಿಸುತ್ತಾರೆ.

ಇಷ್ಟೆಲ್ಲ ಗೊಣಗಿದವನು ಮುಳಬಾಗಿಲಿನ ಆವಣಿ ಬೆಟ್ಟಕ್ಕೂ ಹೆಸರು ಕೊಟ್ಟಿದ್ದೇನೆ. ಷರತ್ತು ಇಷ್ಟೇ: ಕಲ್ಲಿನ ವಿಷಯ ನಾನೇ ಮಾತಾಡುವುದು, ಬಾಟಲಿ ಅವರೇ ಹೊರುವುದು.