ಭಾವನ ರೋಡ್‌ಮ್ಯಾಪು

ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿ ಕಡೆ ಹೋಗುವ ಐ-10 ಹೆದ್ದಾರಿಯ ಎರಡೂ ಮಗ್ಗುಲಲ್ಲಿ ತೈಲ ಕಂಪನಿಗಳೂ ಅವಕ್ಕೆ ವಾಲ್ವು, ಪಂಪು, ಸಾಫ್ಟ್‌ವೇರು ಮಾರುವ ಇಂಜಿನಿಯರಿಂಗ್ ಕಂಪನಿಗಳೂ ಒತ್ತೊತ್ತಾಗಿ ನಿಂತಿವೆ. ಎನರ್ಜಿ ಕಾರಿಡಾರ್ ಎನ್ನುವುದು ಇದನ್ನೇ. ಇಲ್ಲಿ ಯಾವ ಕಟ್ಟಡ ಹೊಕ್ಕರೂ ಬಿಳಿ ಹಲಗೆಯ ಮುಂದೆ ಮಾರ್ಕರ್ ಹಿಡಿದು, ಕೈಕೆಳಗೆ ಒಂದು ನರಪಿಳ್ಳೆ ಇಲ್ಲದಿದ್ದರೂ ಎಲ್ಲರಿಗೂ ಮುಂದಿನ ಮೂರು ವರ್ಷದ ಕೆಲಸ ಹೇಳುತ್ತಿರುವ ಒಬ್ಬರು ಸಿಗುತ್ತಾರೆ. ಅವರೇ ಪ್ರಾಡಕ್ಟ್ ಲೀಡರ್. ನಾನು ವಾಲ್ವ್ ಡಿಸೈನ್ ಮಾಡುವವನು. ಈ ಜಾತಿಯವರನ್ನು ಆಫೀಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ, ಐದು ಗಂಟೆಗೆ ಅಲ್ಲೇ ಬಿಟ್ಟು ಬಂದಿದ್ದೇನೆ. ಒಬ್ಬರನ್ನು ಮಾತ್ರ ಹಾಗೆ ಬಿಡಲು ಬರುವುದಿಲ್ಲ. ಅವರು ನನ್ನ ಅಕ್ಕನ ಗಂಡ, ಮನೆ ಎರಡು ಬೀದಿ ಆಚೆ.

ಅಳಿಯಂದಿರು ಏನು ಕೆಲಸ ಮಾಡುತ್ತಾರೆ ಎಂದು ಅಮ್ಮ ಹಾಸನದಿಂದ ವಿಡಿಯೋ ಕಾಲಿನಲ್ಲಿ ಒಮ್ಮೆ ಕೇಳಿದಳು.

“ಏನು ಮಾಡಬೇಕು ಅಂತ ಹೇಳ್ತಾರಮ್ಮ,” ಅಂದಳು ಅಕ್ಕ.

“ಮಾಡೋರು?”

“ಇಂಜಿನಿಯರುಗಳು.”

“ಇವರ ಮಾತು ಅವರು ಕೇಳಲೇಬೇಕಾ?”

“ಹಾಗೇನಿಲ್ಲ.”

“ಕೆಟ್ಟರೆ ಬೈಸಿಕೊಳ್ಳೋದು?”

“ಇವರೇ.”

ಅಮ್ಮ ಸ್ವಲ್ಪ ಯೋಚಿಸಿ, “ಮದುವೆಮನೇಲಿ ಸೋದರಮಾವ ಇದ್ದಂಗೆ ಅನ್ನು,” ಅಂದಳು. ಈ ಹುದ್ದೆಯ ಬಗ್ಗೆ ನಾನು ಓದಿದ ಯಾವ ಮ್ಯಾನೇಜ್‌ಮೆಂಟ್ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಭಾವನ ಲಕ್ಷಣಗಳು ಹಲವು. ಷರ್ಟಿನ ಮೇಲೆ ತೋಳಿಲ್ಲದ ಜಾಕೆಟ್ಟು, ಹ್ಯೂಸ್ಟನ್ನಿನ ಆಗಸ್ಟ್ ಸೆಖೆಯಲ್ಲೂ. ಏನು ಕೇಳಿದರೂ “ನೋಡೋಣ, ಡೇಟಾ ಏನು ಹೇಳುತ್ತೆ” ಎಂಬ ಉತ್ತರ. ನಮ್ಮ ಐ-10 ಅನ್ನು ಅಗಲ ಮಾಡಿ, 2008ರ ಹೊತ್ತಿಗೆ ಸರ್ವಿಸ್ ರಸ್ತೆಯೂ ಸೇರಿ ಕೆಲವು ಕಡೆ 26 ಲೇನ್ ಮಾಡಿದರು. ಕೆಲವೇ ವರ್ಷದಲ್ಲಿ ಮತ್ತೆ ಜಾಮ್. ಭಾವ ಆ ಜಾಮಿನಲ್ಲಿ ಸ್ಟೀರಿಂಗ್ ಹಿಡಿದು ಕೂತೇ, “ಕೇಳಿದ್ದನ್ನೆಲ್ಲ ಕಟ್ಟಿಕೊಟ್ಟರೆ ಹೀಗೇ ಕಣೋ ಆಗೋದು,” ಎಂದು ನನಗೆ ಪಾಠ ಹೇಳುತ್ತಾರೆ. ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ “ಯಾಕೆ?”

ಟೊಯೋಟಾದ ತೈಚಿ ಓನೋ ಎಂಬ ಮಹಾನುಭಾವ, ಯಂತ್ರ ನಿಂತರೆ ಐದು ಸಲ “ಯಾಕೆ” ಕೇಳಿ, ಮೂಲಕಾರಣ ಸಿಗುತ್ತೆ ಎಂದು ಕಾರ್ಖಾನೆಯವರಿಗೆ ಕಲಿಸಿದ. ಯುಗಾದಿ ಊಟದ ಸಭೆಯಲ್ಲೂ ಕೇಳಿ ಎಂದು ಅವನು ಹೇಳಿರಲಾರ. ಒಂದು ವರ್ಷ ಕನ್ನಡದವರೆಲ್ಲ ಸೇರಿ ಮಾಡುವ ಯುಗಾದಿಯ ಊಟದ ಉಸ್ತುವಾರಿ ಭಾವನ ಪಾಲಿಗೆ ಬಂತು. ಗೋಡೆ ತುಂಬ ಹಳದಿ ಚೀಟಿ ಅಂಟಿಸಿ ಶುರುಮಾಡಿದರು.

“ಈ ಊಟದಿಂದ ನಾವು ಯಾವ ಸಮಸ್ಯೆ ಬಗೆಹರಿಸ್ತಿದೀವಿ?”

“ಹಸಿವು,” ಅಂದರು ಒಬ್ಬ ಹಿರಿಯರು.

“ಅದು ಬರೀ ಲಕ್ಷಣ ಸಾರ್. ಯಾಕೆ ಹಸಿವು?”

“ಕಾರ್ಯಕ್ರಮ ತಡವಾಗುತ್ತಲ್ಲ.”

“ಯಾಕೆ ತಡ?”

“ಭಾಷಣ ಮುಗಿಯಲ್ಲ.”

“ಯಾಕೆ ಮುಗಿಯಲ್ಲ?”

“ಅಧ್ಯಕ್ಷರು ಮೈಕ್ ಬಿಡಲ್ಲ.”

ಅಧ್ಯಕ್ಷರು ಅಲ್ಲೇ ಸೋಫಾದ ಮೇಲೆ ಕೂತಿದ್ದರು. ಮೂಲಕಾರಣ ಸಿಕ್ಕಿತ್ತು, ನಾಲ್ಕನೇ ಯಾಕೆಗೆ ಯಾರಿಗೂ ಧೈರ್ಯ ಬರಲಿಲ್ಲ.

ಆಮೇಲೆ ಮೆನುವಿಗೆ ಆದ್ಯತೆಯ ಪಟ್ಟಿ. ಹೋಳಿಗೆ, ಚಿತ್ರಾನ್ನ ಮೊದಲ ರಿಲೀಸಿಗೆ. ವರ್ಷವೂ ಕೋಸಂಬರಿ ಮಾಡಿ ತರುತ್ತಿದ್ದ ಆಂಟಿಯೊಬ್ಬರಿಗೆ, “ನಿಮ್ಮದು ಮುಂದಿನ ಕ್ವಾರ್ಟರ್ ಆಂಟಿ,” ಅಂದುಬಿಟ್ಟರು. “ಅಷ್ಟೊತ್ತಿಗೆ ರಾಮನವಮೀನೇ ಮುಗಿದಿರುತ್ತಲ್ಲಪ್ಪ,” ಅಂದರು ಆಕೆ. ಭಾವ ಅದನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿದರು.

ಹಬ್ಬದ ದಿನ ಎಲೆ ಹಾಕಿ ಬಡಿಸಿದ ಮೇಲೆ ಗೊತ್ತಾಯಿತು: ಸಾರಿಗೆ ಉಪ್ಪಿಲ್ಲ, ಎಲೆಯ ತುದಿಗೂ ಉಪ್ಪಿಲ್ಲ. ಉಪ್ಪು ಬಡಿಸುವವರ ಬಾಬತ್ತು ಅಂತ ಸಾರಿನವರು ಸುಮ್ಮನಿದ್ದರು, ನಮ್ಮ ಚೀಟಿಯಲ್ಲಿ ಉಪ್ಪಿರಲಿಲ್ಲ ಅಂತ ಬಡಿಸುವವರು ಸುಮ್ಮನಿದ್ದರು. “ಡಿಪೆಂಡೆನ್ಸಿ ಮಿಸ್ ಆಗಿದೆ,” ಅಂದರು ಭಾವ, ಗಂಭೀರವಾಗಿ. ಎಚ್‌ಇಬಿ ಅಂಗಡಿಗೆ ಓಡಿಹೋಗಿ ಉಪ್ಪು ತಂದವನು ನಾನು. ಮಾರನೇ ದಿನ ನನಗೂ ಒಂದು ಅಭಿಪ್ರಾಯ ಸಂಗ್ರಹದ ಫಾರಂ ಬಂತು.

ಆ ಸಿಟ್ಟಿನಲ್ಲಿ ಒಂದು ಭಾನುವಾರ ಕಾಫಿ ಕುಡಿಯುತ್ತಾ ಭಾವನ ಕುಲಮೂಲಕ್ಕೇ ಕೈಹಾಕಿದೆ. “ನಿಮ್ಮ ಹುದ್ದೆ ಹುಟ್ಟಿದ್ದು ಸೋಪಿನಲ್ಲಿ ಭಾವ. 1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ನೀಲ್ ಮೆಕೆಲ್‌ರಾಯ್, ಒಂದೊಂದು ಸೋಪಿಗೂ ಒಬ್ಬೊಬ್ಬ ಯಜಮಾನ ಬೇಕು ಅಂತ ಬರೆದ ಕಾಗದದಿಂದ. ಅದಕ್ಕೂ ಮುಂಚೆಯೇ ನಮ್ಮ ಮೈಸೂರಿನವರು, ಮಹಾಯುದ್ಧದಲ್ಲಿ ಗಂಧದ ಕೊರಡು ಯೂರೋಪಿಗೆ ಹೋಗದೆ ರಾಶಿಬಿದ್ದಾಗ ಎಣ್ಣೆ ತೆಗೆದು ಸ್ಯಾಂಡಲ್ ಸೋಪು ಮಾಡಿ ಮಾರಿದರಲ್ಲ, ಅಲ್ಲಿ ಯಾವ ರೋಡ್‌ಮ್ಯಾಪಿತ್ತು? ಅಷ್ಟೇಕೆ, ಇದೇ ಟೆಕ್ಸಸ್ಸಿನಲ್ಲಿ ಬ್ಲೋಔಟ್ ಪ್ರಿವೆಂಟರ್ ಹುಟ್ಟಲಿಲ್ಲವಾ? 1922ರಲ್ಲಿ ಅಬರ್‌ಕ್ರಾಂಬಿ ವರ್ಕ್‌ಶಾಪಿನ ನೆಲದಲ್ಲಿದ್ದ ಮರದ ಹೊಟ್ಟಿನ ಮೇಲೆ ಬೆರಳಲ್ಲಿ ಚಿತ್ರ ಬರೆದು ತೋರಿಸಿದನಂತೆ, ಕ್ಯಾಮೆರಾನ್ ಮಾಡಿಕೊಟ್ಟ. ಬಾವಿ ಉಕ್ಕಿ ಜನ ಸಾಯುವುದನ್ನು ತಡೆಯೋ ಯಂತ್ರ ಅದು. ಮಧ್ಯೆ ಯಾವ ಪ್ರಾಡಕ್ಟ್ ಲೀಡರೂ ಇರಲಿಲ್ಲ.”

ಭಾವ ಲೋಟ ಕೆಳಗಿಟ್ಟರು. “ಕ್ಯಾಮೆರಾನ್ ಮೆಷಿನಿಸ್ಟು. ಅಬರ್‌ಕ್ರಾಂಬಿ ಯಾರು?”

“ಬಾವಿ ಕೊರೆಯೋನು.”

“ಅಂದರೆ ಗಿರಾಕಿ. ಬಾವಿ ಹತ್ತಿರ ನಿಂತು ಕಷ್ಟ ನೋಡಿ, ನೆಲದ ಮೇಲೆ ಬರೆದು ಹೇಳಿದ. ನಾನು ಮಾಡೋದೂ ಅದೇ ಕಣೋ. ನನಗೆ ಹೊಟ್ಟಿಲ್ಲ, ಬಿಳಿ ಹಲಗೆ ಇದೆ.”

ಉತ್ತರ ಹೊಳೆಯದೆ ನಾನು ಇನ್ನೊಂದು ಲೋಟ ಕಾಫಿ ಕೇಳಿದೆ.

ಒಪ್ಪಬೇಕಾದ ಮಾತೇ. ಭಾವನ ಕಂಪನಿ ತೈಲಬಾವಿಯ ಪಂಪುಗಳ ಮೇಲೆ ಕಣ್ಣಿಡುವ ಒಂದು ಪೆಟ್ಟಿಗೆ ಮಾಡುತ್ತದೆ. ಅದರ ಬಗೆಬಗೆಯ ಅಲಾರಮ್ಮುಗಳ ಬಗ್ಗೆ ಅಲ್ಲಿನ ಇಂಜಿನಿಯರುಗಳಿಗೆ ಬಲು ಹೆಮ್ಮೆ, ನಾನಾಗಿದ್ದರೂ ಹೆಮ್ಮೆಪಡುತ್ತಿದ್ದೆ. ಭಾವ ಸುಮಾರು 500 ಮೈಲಿ ದೂರದ ಮಿಡ್‌ಲ್ಯಾಂಡಿಗೆ ಹೋಗಿ, ಬಾವಿಯಿಂದ ಬಾವಿಗೆ ಸುತ್ತುವ ಮುದುಕನೊಬ್ಬನ ಪಿಕಪ್ ಟ್ರಕ್ಕಿನಲ್ಲಿ ಧೂಳು ತಿನ್ನುತ್ತಾ ಕೂತರು. ರಾತ್ರಿಯೆಲ್ಲ ಸುಮ್ಮಸುಮ್ಮನೆ ಕೂಗುತ್ತೆ ಅಂತ ಆ ಮುದುಕ ಅಲಾರಮ್ಮನ್ನೇ ಬಂದ್ ಮಾಡಿಟ್ಟಿದ್ದ. ನಿಜವಾಗಿ ಪಂಪು ಕೆಟ್ಟ ದಿನವೂ ಪೆಟ್ಟಿಗೆ ಬಾಯಿ ಬಿಡುತ್ತಿರಲಿಲ್ಲ. ಭಾವ ವಾಪಸು ಬಂದು ಮುಕ್ಕಾಲುಪಾಲು ಅಲಾರಂ ಕಿತ್ತುಹಾಕಿಸಲು ವರ್ಷವಿಡೀ ಜಗಳವಾಡಿದರು. ಅವರಿಗೆ ಆರ್ಡರ್ ಮಾಡುವ ಅಧಿಕಾರವಿಲ್ಲ. ಬೇಡುವುದು, ಕಾಡುವುದು, ಇಲ್ಲವೇ “ಯಾಕೆ” ಕೇಳುವುದು, ಅಷ್ಟೇ.

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಬೆಲೆ ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್ಲಿಗೆ ಮೈನಸ್ 37.63 ಡಾಲರಿಗೆ ನಿಂತಿತು. ತೈಲ ಕೊಂಡವರು ಅದನ್ನು ಇಡಲು ಜಾಗವಿಲ್ಲದೆ, ಒಯ್ಯಿರಪ್ಪಾ ಎಂದು ಎದುರು ಹಣ ಕೊಡಬೇಕಾಯಿತು. ಕಾರಿಡಾರಿನಲ್ಲಿ ಮನೆಮನೆಗೂ ಕೆಲಸದ ಚಿಂತೆ. ಭಾವ ತಮ್ಮ ರೋಡ್‌ಮ್ಯಾಪಿನಲ್ಲಿ ಎರಡು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿದರು. ತಂಡದಲ್ಲಿ ಎಚ್‌-1ಬಿ ವೀಸಾದ ಹುಡುಗರಿದ್ದರು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಅವರಿಗೆ ಸಿಗುವುದು 60 ದಿನ. ಅವರನ್ನು ಉಳಿಸುವ ಅಧಿಕಾರವೂ ಭಾವನಿಗಿರಲಿಲ್ಲ. ಆದರೆ ಆಸ್ಟಿನ್, ಡಾಲಸ್ ಎನ್ನದೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡುತ್ತಾ ಗ್ಯಾರೇಜಿನಲ್ಲಿ ಶತಪಥ ಹಾಕುತ್ತಿದ್ದರು, ಇವನನ್ನು ತಗೊಳ್ಳಿ, ಅವಳನ್ನು ತಗೊಳ್ಳಿ ಎಂದು. ಆ ದಿನಗಳಲ್ಲಿ ನಾನು ಅಕ್ಕನ ಮನೆಗೆ ಹೋದಾಗೆಲ್ಲ ಭಾವ ಒಂದು ಸಲವೂ “ಯಾಕೆ” ಅನ್ನಲಿಲ್ಲ. ಹೇಳಲು ನಾಚಿಕೆ, ನನಗೆ ಬೇಜಾರಾಗುತ್ತಿತ್ತು.

ಈಗ ಬೆಲೆ ಏರಿದೆ, ಭಾವನೂ ಚೇತರಿಸಿಕೊಂಡಿದ್ದಾರೆ, ಗೋಡೆಗೆ ಮತ್ತೆ ಹಳದಿ ಚೀಟಿ ಬಂದಿದೆ. ನೀವು ಈ ಕಡೆ ಬಂದರೆ ಖಂಡಿತ ಊಟಕ್ಕೆ ಕರೆಯುತ್ತಾರೆ. ಹೋಗಿ, ಅಡುಗೆ ಅಕ್ಕನದು. ಕೈತೊಳೆದು ಬರುವಷ್ಟರಲ್ಲಿ, ಒಂದರಿಂದ ಹತ್ತರವರೆಗೆ ಎಷ್ಟು ಕೊಡ್ತೀರಿ ಅಂತ ಕೇಳುತ್ತಾರೆ. ಹತ್ತು ಅನ್ನಿ. ಸಂಕೋಚಕ್ಕೋ ಪ್ರಾಮಾಣಿಕತೆಗೋ ಎಂಟು ಅಂದಿರೋ, ಯಾಕೆ ಅಂತ ಶುರುಮಾಡುತ್ತಾರೆ. ನಿಮ್ಮ ಫ್ಲೈಟು ತಪ್ಪುತ್ತದೆ.