ನೂರು ಗಜದ ನಾಮಫಲಕಕ್ಕೊಂದು ಬಹಿರಂಗ ಪತ್ರ

ಹೈಸ್ಕೂಲು ಕಾಂಪೌಂಡಿನ ಮೇಲೆ ಬಿಸಿಲು ಮಳೆಯೆನ್ನದೆ ನಿಂತಿರುವ ಶ್ರೀ ನಾಮಫಲಕದವರಿಗೆ,



'ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ' ಎಂಬ 2003ರ ಕಾಯ್ದೆಯನ್ನು ಎದೆಯ ಮೇಲೆ ಬರೆಸಿಕೊಂಡು ತುಮಕೂರು, ಗುಬ್ಬಿ, ಕುಣಿಗಲ್ಲಿನ ಮಕ್ಕಳನ್ನು ಕಾಯುತ್ತಿದ್ದೀರಿ. ನೂರು ಗಜವೆಂದರೆ 91.44 ಮೀಟರ್. ಹತ್ತನೇ ತರಗತಿಯ ವೃತ್ತದ ಲೆಕ್ಕ ತಲೆಗೆ ಹತ್ತದ ಹುಡುಗನಿಗೂ ಈ ತ್ರಿಜ್ಯ ಬಾಯಿಪಾಠ. ಗೂಡಂಗಡಿಯವನಿಗೆ ಮಾತ್ರ ಗಣಿತ ಬರುವುದಿಲ್ಲ.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಎರಡೂ ಅಂಗಡಿ ಮುಂದೆ ತೋರಣದಂತೆ ತೂಗುತ್ತವೆ. ಬೆರೆಸುವ ಕೆಲಸ ಗಿರಾಕಿಯ ಅಂಗೈಯದು. ಶಾಲೆಯಲ್ಲಿ ಪ್ರಯೋಗಾಲಯವಿಲ್ಲವೆಂದು ಕೊರಗುವವರು ಗಮನಿಸಬೇಕು. (ಅಡಿಕೆಯ ಕಡೆ ಬೆರಳು ತೋರಿಸಲಾರೆ. ಅಡಿಕೆ ಬೆಳೆಯುವ ಗುಬ್ಬಿಯವನು, ಊರಲ್ಲಿ ಬಾಳಬೇಕು.)

ಹಾಗೆ ಬೆರೆಸಿದ್ದನ್ನು ಬಾಯಲ್ಲಿಟ್ಟು ತರಗತಿಗೆ ಬಂದ ಹುಡುಗನ ಹಾಜರಿ ಕರೆದರೆ ಹಿಂದಿನ ಬೆಂಚಿನಿಂದ 'ಉಂ'. ಪಾಠ ಗಟ್ಟಿಯಾಗಿ ಓದೆಂದರೆ ಎದ್ದು ತಲೆ ತಗ್ಗಿಸುತ್ತಾನೆ. ಬಾಯಿ ಬಿಟ್ಟರೆ ತುಟಿಯ ಸಂದಿಯಲ್ಲಿ ಒತ್ತಿಟ್ಟಿದ್ದು ಜಾರುತ್ತದೆ. 'ಪಾಪ, ಸಂಕೋಚ' ಎಂದು ಮೇಷ್ಟ್ರು ಕೂರಿಸುತ್ತಾರೆ. ಮೂರನೇ ಪಿರಿಯಡ್ಡಿಗೆ ನಿಕೋಟಿನ್ ಇಳಿದು ಚಡಪಡಿಸಿದಾಗ ಅದೇ ಹುಡುಗ ಶುದ್ಧ ಪೋಕರಿ. ಅಂಕಪಟ್ಟಿಗೆ ಇವೆರಡರಲ್ಲಿ ಯಾವುದೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು 'ಅನುತ್ತೀರ್ಣ' ಮಾತ್ರ.

ಪಂಕ್ಚರ್ ಸಲ್ಯೂಷನ್ ಮೂಸುವವನು ತಮ್ಮ ವ್ಯಾಪ್ತಿಗೇ ಬರುವುದಿಲ್ಲ, ಅದು ತಂಬಾಕಲ್ಲವಲ್ಲ! ನೆನಪಿನ ಶಕ್ತಿಯನ್ನೇ ತಿನ್ನುವ ಚಟವದು. 2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯಲ್ಲಿ ಹೀಗೆ ಮೂಸುವ ದೊಡ್ಡವರು ಶೇ 0.58, 10ರಿಂದ 17 ವಯಸ್ಸಿನವರು ಶೇ 1.17. ನಮ್ಮ ಮಕ್ಕಳು ಹಿರಿಯರನ್ನು ಹಿಂದೆ ಹಾಕಿದ್ದು ಈ ಒಂದು ವಿಷಯದಲ್ಲಿ.

ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಕುದುರೆ ರೇಸಿಗೆ ಹೋದರೆ ಮದ್ದು ತಿಂದಿದೆಯೇ ಎಂಬ ಪರೀಕ್ಷೆಯುಂಟು. ಅದೇ ಊರಿನ ಹುಡುಗನನ್ನು 'ಯಾಕೋ ಸಪ್ಪಗಿದ್ದೀಯ?' ಎಂದು ಕೇಳುವವರಿಲ್ಲ. ಬದಲಿಗೆ ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ಜಾಥಾ: ಪ್ರತಿಜ್ಞೆ, ಫೋಟೊ, ಬಿಸ್ಕತ್ತು. ಗೌರವಾರ್ಥ ಗೂಡಂಗಡಿಗೂ ಅರ್ಧ ದಿನ ರಜೆ.

ಶಾಲೆಯ ಬಳಿ ತಂಬಾಕು ಮಾರಿದವರಿಗೆ 200 ರೂಪಾಯಿ ಇದ್ದ ದಂಡ ರಾಜ್ಯದಲ್ಲಿ 2025ರಲ್ಲಿ 1,000ಕ್ಕೇರಿತು. ಆದರೆ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಲಕ್ಷದವರೆಗೆ ದಂಡವೆಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಹೇಳುತ್ತದೆ. ಅದನ್ನೇಕೆ ಬರೆಸಿಕೊಂಡಿಲ್ಲ? ತಮ್ಮ ಮೈಮೇಲೆ ಜಾಗ ಧಾರಾಳವಾಗಿದೆ. ಕೆಳಗೆ ವ್ಯಸನಮುಕ್ತಿ ಸಹಾಯವಾಣಿ 14446 ಕೂಡ ಇರಲಿ. ಹುಡುಗ ಓದದಿದ್ದರೂ ಅವರಮ್ಮ ಓದಿಯಾರು. ಪೇಂಟಿನ ಖರ್ಚು ನನ್ನದು.

ಇತಿ,
ಗುಬ್ಬಿಯ ಒಬ್ಬ ಪೋಷಕ