ಕಾಷ್ಠೋತ್ಥಾನ ಮೀಮಾಂಸೆ

ನೆಲಕ್ಕೆ ಹಾಸಿದ ಹಲಗೆ ಮಳೆಗಾಲದಲ್ಲಿ ಉಬ್ಬಿ, ಮಗ್ಗುಲ ಹಲಗೆಯನ್ನು ದೂಡಿ, ಎರಡೂ ಸೋಲೊಪ್ಪದೆ ಒಟ್ಟಿಗೆ ಮೇಲೇಳುವುದಕ್ಕೆ ಕಾಷ್ಠೋತ್ಥಾನ ಎನ್ನಬಹುದು. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಕನ್ನಡಿಗರಿಗೆ ಅದು ‘ಹಲಗಿ ಉಬ್ಬೇತಿ’, ಮರಾಠಿಗರಿಗೆ ‘ಫಳಿ ಫುಗಲಿ’. ಹಲಗೆ ಎರಡೂ ಭಾಷೆಯಲ್ಲಿ ಏಳುತ್ತದೆ.

ಕಾರಣ ಸ್ಪಷ್ಟ. ಕಡಿದು ಕೊಯ್ದ ಮೇಲೂ ಮರ ಕುಡಿಯುವ ಚಟ ಬಿಡುವುದಿಲ್ಲ. ಗಾಳಿಯ ಆರ್ದ್ರತೆ ಶೇ. 30 ಇದ್ದಾಗ ಮರದೊಳಗಿನ ತೇವ ಶೇ. 6ರ ಸುಮಾರಿಗೆ ನಿಲ್ಲುತ್ತದೆ. ಆರ್ದ್ರತೆ 80ಕ್ಕೆ ಏರಿ ಅಲ್ಲೇ ಕೂತರೆ ಸುಮಾರು 16 ಆಗುತ್ತದೆ. ಉದ್ದಕ್ಕೆ ಮರ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅದರ ಪ್ರತಾಪವೆಲ್ಲ ಅಡ್ಡಕ್ಕೆ. 100 ಮಿ.ಮೀ. ಅಗಲದ ಸಾಗುವಾನಿ ಹಲಗೆ ಇಷ್ಟು ತೇವ ಕುಡಿದರೆ ಎರಡು ಮಿ.ಮೀ.ಗೆ ತುಸು ಕಡಿಮೆ ಹಿಗ್ಗುತ್ತದೆ. ಸಾಗುವಾನಿ ಸಂಭಾವಿತ ಮರ. ಉಳಿದವುಗಳ ಮಾತು ಬೇಡ. ಮೂರು ಮೀಟರ್ ಕೋಣೆಯ 30 ಹಲಗೆ ಕೂಡಿದರೆ ಎರಡು ಇಂಚಿನ ಲೆಕ್ಕ.

ಅಷ್ಟೂ ಬೇಕಿಲ್ಲ. ಬರೀ 3 ಮಿ.ಮೀ. ಹೆಚ್ಚಾಗಿ ಗೋಡೆಗಳು ಜಾಗ ಬಿಡದಿದ್ದರೆ, ನಟ್ಟನಡುವೆ ಡೇರೆಯಂತೆ ಏಳುವ ನೆಲದ ಎತ್ತರ ಪೈಥಾಗೊರಸನ ಪ್ರಕಾರ 67 ಮಿ.ಮೀ. ಅಂದರೆ ಊಟಕ್ಕೆ ಮಣೆ ಹಾಕುವ ಕೆಲಸ ಉಳಿಯಿತು.

ಇದು ಮೂಲತಃ ಗಡಿತಂಟೆ ಎಂಬುದೇ ಪ್ರಸ್ತುತ ಪ್ರಬಂಧದ ಸಿದ್ಧಾಂತ. ಮೈಸೂರು–ಮಹಾರಾಷ್ಟ್ರಗಳ ತಂಟೆಗೆ 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, ಮರುವರ್ಷ ವರದಿ ಬಂತು, ತಂಟೆ ಇದ್ದಲ್ಲೇ ಇದೆ. ಹಲಗೆಗಳಿಗೆ ಆಯೋಗ ಬೇಡ: ಹಾಸುವ ಮುಂಚೆ ಹದಿನೈದು ದಿನ ಅದೇ ಕೋಣೆಯ ಗಾಳಿಗೆ ಒಗ್ಗಿಸಿ, ಗೋಡೆಯ ಬುಡಕ್ಕೆ ಬೆರಳು ತೂರುವಷ್ಟು ಸಂದು ಬಿಟ್ಟರೆ ಬಹುಪಾಲು ರಾಜಿಯಾಗುತ್ತವೆ. ಹಳೆಯ ವಾಡೆಗಳ ಬಡಿಗರು ತೊಲೆ, ಜಂತಿಗಳ ಮೇಲೆ ಹಲಗೆ ಹರವಿ ಮೇಲೆ ಮಣ್ಣು ಬಡಿಯುತ್ತಿದ್ದರು. ಸಂದಿನಿಂದ ಅಡುಗೆಮನೆಯ ಸಾರಿಗೆ ನಾಲ್ಕು ಕಾಳು ಮಣ್ಣು ಉದುರಿದರೂ ಹಲಗೆ ಹಲಗೆಯ ಮೈಮೇಲೆ ಹೋಗುತ್ತಿರಲಿಲ್ಲ. ಕಡು ಬೇಸಿಗೆಯಲ್ಲಿ ಬಿಗಿಯಾಗಿ ಜೋಡಿಸಿ ‘ಒಂದು ಕೂದಲೂ ತೂರುವುದಿಲ್ಲ ನೋಡಿ’ ಎಂದು ಹೆಮ್ಮೆಪಡುವುದು ಹೊಸ ಬಂಗಲೆಗಳ ಪದ್ಧತಿ.

ತೇವದ ಬಗ್ಗೆ ಜಿಲ್ಲೆಯಲ್ಲಿ ಒಮ್ಮತವಿಲ್ಲ. ಗಗನಬಾವಡಾದ ಘಟ್ಟದಲ್ಲಿ ಸುರಿಯುವ ಮಳೆ ಮೂಡಲಿಗೆ ಬರುತ್ತ ಬರುತ್ತ ಸೊರಗುತ್ತದೆ. ಇತ್ತ 1904ರಲ್ಲೇ ಪಾವರ್‌ಲೂಮ್ ಕಂಡ ಇಚಲಕರಂಜಿಯಲ್ಲಿ ತೇವವೇ ಲಕ್ಷ್ಮಿ. ಒಣಗಾಳಿಯಲ್ಲಿ ಹತ್ತಿ ನೂಲು ಪಟಪಟ ಹರಿಯುತ್ತದೆ. ನೂಲಿನ ಸುಖ ಹಲಗೆಯ ರೋಗ.

ಹಲಗೆ ನೆಲವಿಲ್ಲದ ಮನೆಗಳಲ್ಲಿ ಇದೇ ವ್ಯಾಧಿ ಕದಕ್ಕೆ ತಗಲುತ್ತದೆ. ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆಗೆ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಕದಕ್ಕೂ ಎರಡು ಮಟ್ಟಗಳುಂಟು: ಕೈ ಸಾಲದೆ ಭುಜ ಕೊಡಬೇಕಾದದ್ದು ಎಚ್ಚರಿಕೆ, ಭುಜ ಸಾಲದೆ ಒದೆಯಬೇಕಾದದ್ದು ಅಪಾಯ. ಒಳಗೆ ಸ್ನಾನ ಮಾಡುತ್ತಿರುವವರು ಇದ್ದಾಗ ಎರಡನೆಯದನ್ನು ಘೋಷಿಸುವ ಮುನ್ನ ಕೆಮ್ಮುವುದು ವಾಡಿಕೆ. ತೇವ ಶೇ. 30ರ ಆಸುಪಾಸು ತಲುಪಿದರೆ ನಾರು ತಣಿಯುತ್ತದೆ. ಆಮೇಲೆ ಮಹಾಪೂರದಲ್ಲೇ ಮುಳುಗಿದರೂ ಕದ ಮತ್ತೆ ಉಬ್ಬುವುದಿಲ್ಲ, ತೂಕ ಮಾತ್ರ ಏರುತ್ತದೆ.

ಚಿಕಿತ್ಸೆಯಲ್ಲಿ ಎರಡು ಪಂಥ. ಮೇಣಪಂಥದವರು ಅಂಚಿಗೆ ಮೋಂಬತ್ತಿ ತಿಕ್ಕಿ ದೀಪಾವಳಿಯ ತನಕ ಕಾಯುತ್ತಾರೆ. ರಂದಾಪಂಥದವರು ಆಷಾಢದಲ್ಲೇ ಬಡಿಗನನ್ನು ಕರೆಸಿ ಅಂಚು ಕೀಸಿಸುತ್ತಾರೆ. ಕದ ಬೆಣ್ಣೆಯಂತೆ ಮುಚ್ಚುತ್ತದೆ. ಹೋಳಿಹುಣ್ಣಿಮೆಯ ಹೊತ್ತಿಗೆ ಮರ ಒಣಗಿ, ಸಂದಿನಲ್ಲಿ ಬೀದಿಯ ಬೆಳಕೂ ಅದರ ಹಿಂದೆ ಹಲ್ಲಿಯೂ ಒಳಬರುತ್ತವೆ. ಅದೇ ಬಡಿಗ ಮತ್ತೆ ಬಂದು ಅದೇ ಅಂಚಿಗೆ ಪಟ್ಟಿ ಬಡಿಯುತ್ತಾನೆ. ಪಟ್ಟಿಯೂ ಮರದ್ದೇ.